ಹೆಸರು ಹಿಡಿದು ಕರೆದರೆ ಓಗೊಡುವವರು ಎಷ್ಟು ಮಂದಿ?

ವೆಬ್ ಪುಟದ ಅರ್ಜಿ ನಮೂನೆಯೊಂದರಲ್ಲಿ ‘ರಕ್ತದ ಗುಂಪು’ ಎಂಬ ಪ್ರಶ್ನೆಯ ಕೆಳಗೆ ಎ, ಬಿ, ಎಬಿ, ಓ ಎಂಬ ನಾಲ್ಕು ರೇಡಿಯೋ ಬಟನ್‌ಗಳಿವೆ ಎಂದಿಟ್ಟುಕೊಳ್ಳಿ. ಒಂದನ್ನು ಒತ್ತಿದೊಡನೆ ಮೊದಲು ಆರಿಸಿದ್ದ ಗುರುತು ತಾನಾಗಿ ಅಳಿಸಿಹೋಗುವುದು ಆ ನಾಲ್ಕಕ್ಕೂ ಪುಟ ಬರೆದವರು ಕೊಟ್ಟ ‘ನೇಮ್’ ಎಂಬ ಗುರುತು ಒಂದೇ ಆಗಿರುವುದರಿಂದ. ‘ಐಡಿ’ ಎಂಬ ಇನ್ನೊಂದು ಗುರುತು ಪುಟದಲ್ಲಿ ಒಂದೇ ಅಂಶಕ್ಕೆ (ಬಟನ್, ಪೆಟ್ಟಿಗೆಯಂಥ ಬಿಡಿಭಾಗಕ್ಕೆ) ಮೀಸಲು. ನೇಮ್‌ಗೆ ಆ ಕಟ್ಟುಪಾಡಿಲ್ಲ. ನಮೂನೆಯನ್ನು ಸಲ್ಲಿಸಿದಾಗ ಉತ್ತರವು ಯಾವ ಹೆಸರಿನಡಿ ಸರ್ವರ್‌ಗೆ ಹೋಗಬೇಕೆಂದು ತಿಳಿಸುವುದೇ ಅದರ ಮುಖ್ಯ ಕೆಲಸ.

ವೆಬ್ ಪುಟಗಳಿಗೆ ಚಲನೆ ಕೊಡುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನ ವ್ಯಾಕರಣವೂ ಈ ಭೇದವನ್ನು ಕಾಪಾಡಿಕೊಂಡಿದೆ. ‘ಗೆಟ್‌ಎಲಿಮೆಂಟ್‌ಬೈಐಡಿ’ (ಐಡಿಯಿಂದ ಅಂಶವನ್ನು ಹುಡುಕುವ ಆಜ್ಞೆ) ಏಕವಚನ, ‘ಗೆಟ್‌ಎಲಿಮೆಂಟ್ಸ್‌ಬೈನೇಮ್’ (ನೇಮ್‌ನಿಂದ ಹುಡುಕುವ ಆಜ್ಞೆ) ಬಹುವಚನ. ಎರಡನೆಯದು ಮರಳಿ ಕೊಡುವುದು ಪಟ್ಟಿಯನ್ನು; ಆ ಹೆಸರಿನ ಅಂಶ ಒಂದೇ ಇದ್ದರೂ, ಒಂದೂ ಇಲ್ಲದಿದ್ದರೂ ಪಟ್ಟಿಯೇ. ಹೊಸಬರು ಇದನ್ನು ಮರೆತು ಪಟ್ಟಿಯನ್ನೇ ‘ವ್ಯಾಲ್ಯೂ’, ಅಂದರೆ ಅಂಶದಲ್ಲಿರುವ ಬೆಲೆಯನ್ನು, ಕೇಳುತ್ತಾರೆ, ‘ಅನ್‌ಡಿಫೈನ್ಡ್’ (ಬೆಲೆ ಗೊತ್ತುಪಡಿಸಿಲ್ಲ) ಎಂಬ ಉತ್ತರ ಪಡೆದು ಕಂಗಾಲಾಗುತ್ತಾರೆ. ಸೊನ್ನೆಯಿಂದ ಎಣಿಸಿ, ಬೇಕಾದ ಅಂಶವನ್ನು ಪಟ್ಟಿಯಿಂದ ಹೊರತೆಗೆದ ಮೇಲಷ್ಟೇ ಅದರ ಬೆಲೆಯನ್ನು ಕೇಳಬೇಕು.

ಈ ಪಟ್ಟಿಗೆ ಇನ್ನೊಂದು ಗುಣವಿದೆ: ಅದು ಜೀವಂತ. ಪುಟದಿಂದ ಒಂದು ಅಂಶವನ್ನು ತೆಗೆದರೆ ಪಟ್ಟಿಯೂ ಆ ಕ್ಷಣವೇ ಕುಗ್ಗಿ, ಹಿಂದಿನವು ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಸೊನ್ನೆಯಿಂದ ಮೇಲಕ್ಕೆ ಎಣಿಸುತ್ತ ನಾಲ್ಕು ಬಟನ್‌ಗಳನ್ನೂ ಅಳಿಸಲು ಹೊರಟರೆ, ಮುಂದೆ ಸರಿದವು ಎಣಿಕೆಗೆ ಸಿಗದೆ ಎರಡು ಪುಟದಲ್ಲೇ ಉಳಿಯುತ್ತವೆ. ಹಿಂದಿನಿಂದ ಮುಂದಕ್ಕೆ ಎಣಿಸಿದರೆ ಈ ತೊಂದರೆಯಿಲ್ಲ.

1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಬ್ರೌಸರ್ ಕಂಪನಿಗಾಗಿ ಈ ಭಾಷೆಯನ್ನು ರೂಪಿಸಿದ ಆರಂಭದ ದಿನಗಳಲ್ಲಿ ನಮೂನೆಯ ಹೆಸರು, ಚುಕ್ಕೆ, ಅಂಶದ ಹೆಸರು ಎಂದು ಬರೆದೇ ಅಂಶವನ್ನು ತಲುಪುತ್ತಿದ್ದರು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 1998ರಲ್ಲಿ ಡಾಮ್ (ಪುಟದ ಅಂಶಗಳನ್ನು ಪ್ರೋಗ್ರಾಂ ತಲುಪುವ ಬಗೆ) ಮಾನದಂಡದ ಮೊದಲ ಹಂತವನ್ನು ಪ್ರಕಟಿಸಿದ ಮೇಲೂ ಆ ಹಳೆಯ ದಾರಿ ಮುಚ್ಚಲಿಲ್ಲ. ಮುಚ್ಚಿದ್ದರೆ ಅಂದಿನ ಪುಟಗಳೆಲ್ಲ ಕೆಟ್ಟು ನಿಲ್ಲುತ್ತಿದ್ದವು.

ಆ ದಾರಿಯಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ನಮೂನೆಯ ಬಟನ್‌ಗೆ ‘ಸಬ್ಮಿಟ್’ ಎಂದೇ ನೇಮ್ ಇಟ್ಟಿದ್ದೆ. ನಮೂನೆಯನ್ನು ಸಲ್ಲಿಸುವ ಫಂಕ್ಷನ್ನಿನ (ಆಜ್ಞೆಯ) ಹೆಸರೂ ಅದೇ ಆದ್ದರಿಂದ ನನ್ನ ಕರೆಗೆ ಬಟನ್ನೇ ಓಗೊಟ್ಟು, ‘ಸಬ್ಮಿಟ್ ಎಂಬುದು ಫಂಕ್ಷನ್ ಅಲ್ಲ’ ಎಂದು ಬ್ರೌಸರ್ ತಗಾದೆ ತೆಗೆಯಿತು. ಇಡೀ ಸಂಜೆ ಫಂಕ್ಷನ್ನಿನಲ್ಲೇ ತಪ್ಪು ಹುಡುಕಿ, ಕೊನೆಗೆ ಬಟನ್ನಿನ ಹೆಸರನ್ನು ‘ಕಳುಹಿಸು’ ಎಂದು ಬದಲಿಸಿದ ಮೇಲೆ ಅರ್ಜಿ ಹೋಯಿತು.