ಪೊಲೀಸ್ ವೆಚ್ಚ ಹೆಚ್ಚಿದರೆ ಅಪರಾಧ ಇಳಿಯುತ್ತದೆಯೇ?

ಬೆಂಗಳೂರಿನ ವಿಜಯನಗರದ ವಾಚನಾಲಯದಲ್ಲಿ ಒಟ್ಟಿಗೆ ಓದುವ ನಾವು ಐದಾರು ಜನ, ಪೊಲೀಸ್ ವೆಚ್ಚ ಮತ್ತು ಅಪರಾಧದ ನಂಟಿನ ಅಧ್ಯಾಯದಲ್ಲಿ ಒಂದೇ ಕಡೆ ಎಡವಿದೆವು. ಪೊಲೀಸರಿಗಾಗಿ ಹೆಚ್ಚು ಖರ್ಚು ಮಾಡುವ ಊರುಗಳಲ್ಲೇ ಎಷ್ಟೋ ಸಲ ಅಪರಾಧವೂ ಹೆಚ್ಚಾಗಿ ಕಾಣುತ್ತದೆ. ಹಾಗಾದರೆ ಆ ಹಣ ನೀರಿನಲ್ಲಿ ಹೋಮವೇ? ಅಲ್ಲ. ಅಪರಾಧ ಹೆಚ್ಚಿದ ಕಡೆಗೇ ಸರ್ಕಾರ ಹೆಚ್ಚು ಸಿಬ್ಬಂದಿಯನ್ನು ಕಳುಹಿಸುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಅಲ್ಲಿ ಕಲಸಿಹೋಗುತ್ತದೆ. ಜೊತೆಗೆ, ಠಾಣೆ ಹತ್ತಿರವಾಗಿ ದೂರು ಕೊಡುವುದು ಸುಲಭವಾದರೆ ಮುಚ್ಚಿಹೋಗುತ್ತಿದ್ದ ಪ್ರಕರಣಗಳೂ ದಾಖಲಾಗುತ್ತವೆ. ಮಹಿಳೆಯರ ಮೇಲಿನ ದೌರ್ಜನ್ಯದ ಅಂಕಿಗಳನ್ನು ಓದುವಾಗ ಇದನ್ನು ಖಂಡಿತ ಮರೆಯಬಾರದು.

ಈ ಗಂಟನ್ನು ಬಿಡಿಸಿದ ಅಧ್ಯಯನಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅರ್ಜೆಂಟೀನಾದ್ದು. 1994ರ ಜುಲೈ 18ರಂದು ಬ್ಯೂನಸ್ ಐರಿಸ್‌ನ ಯಹೂದಿ ಸಮುದಾಯ ಕೇಂದ್ರದ ಮೇಲೆ ಬಾಂಬ್ ದಾಳಿ ನಡೆದು 85 ಜನ ಸತ್ತರು. ಅದಾದ ಮೇಲೆ ನಗರದ ಯಹೂದಿ ಸಂಸ್ಥೆಗಳ ಮುಂದೆಲ್ಲ ಪೊಲೀಸ್ ಕಾವಲು ಬಂತು. ಡಿ ಟೆಲ್ಲಾ ಮತ್ತು ಶಾರ್ಗ್ರೋಡ್ಸ್ಕಿ ಎಂಬ ಅರ್ಥಶಾಸ್ತ್ರಜ್ಞರು ಬೀದಿ ಬೀದಿಯ ಕಾರು ಕಳ್ಳತನದ ಲೆಕ್ಕ ತೆಗೆದು 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾವಲಿದ್ದ ಕಡೆ ಕಳ್ಳತನ ಸುಮಾರು ಶೇ 75ರಷ್ಟು ಕಡಿಮೆ ಇತ್ತು. ಇಲ್ಲಿನ ಸೂಕ್ಷ್ಮವನ್ನು ಗಮನಿಸಿ: ಪೊಲೀಸರು ಅಲ್ಲಿ ನಿಂತದ್ದು ಕಾರು ಕಳ್ಳರಿಗಾಗಿ ಅಲ್ಲ, ಭಯೋತ್ಪಾದನೆಯ ಭಯದಿಂದ. ಆದ್ದರಿಂದ ಇಳಿಕೆಗೆ ಕಾವಲೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಒಂದೆರಡು ಬೀದಿ ಆಚೆಗೆ ಆ ಪರಿಣಾಮ ಕಾಣಲಿಲ್ಲ. ನಮ್ಮ ಊರಿಗೆ ಅನ್ವಯಿಸಿದರೆ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ನಿಂತ ಕಾನ್‌ಸ್ಟೆಬಲ್‌ನಿಂದ ಹದಿನೈದನೇ ಅಡ್ಡರಸ್ತೆಯ ಮನೆಗೆ ಕಾವಲು ಸಿಗುವುದಿಲ್ಲ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1968ರಲ್ಲಿ ಮಂಡಿಸಿದ ವಾದ ಇದು: ಅಪರಾಧಿ ಲಾಭವನ್ನೂ, ಸಿಕ್ಕಿಬೀಳುವ ಸಾಧ್ಯತೆಯನ್ನೂ, ಶಿಕ್ಷೆಯನ್ನೂ ತೂಗಿ ನೋಡುತ್ತಾನೆ. ಕಾವಲು ಎರಡನೆಯದನ್ನು ಹೆಚ್ಚಿಸುತ್ತದೆ.

ಭಯೋತ್ಪಾದನೆಯ ವಿಷಯದಲ್ಲಿ ಲೆಕ್ಕ ಬೇರೆ. 1973ರಲ್ಲಿ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಲೋಹಶೋಧಕ ಕಡ್ಡಾಯವಾದ ಮೇಲೆ ವಿಮಾನ ಅಪಹರಣ ಕುಸಿಯಿತು; ಆದರೆ ಬೇರೆ ಬಗೆಯ ಒತ್ತೆಯಾಳು ಕೃತ್ಯಗಳು ಹೆಚ್ಚಿದವು ಎಂದು ಎಂಡರ್ಸ್ ಮತ್ತು ಸ್ಯಾಂಡ್ಲರ್ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿದರು. ಒಂದು ಬಾಗಿಲು ಮುಚ್ಚಿದರೆ ದಾಳಿಕೋರ ಇನ್ನೊಂದನ್ನು ಹುಡುಕುತ್ತಾನೆ. ಬೆಂಗಳೂರಿನಲ್ಲೇ ದಾಳಿ ನಡೆದ ಜಾಗಗಳನ್ನು ನೋಡಿ: 2005ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 2010ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣ, 2014ರಲ್ಲಿ ಚರ್ಚ್ ಸ್ಟ್ರೀಟ್, 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆ. ಊರಿನ ಪ್ರತಿ ಹೋಟೆಲಿಗೂ ಕಾವಲು ಹಾಕುವಷ್ಟು ಹಣ ಯಾವ ಸರ್ಕಾರದ ಬಳಿಯೂ ಇಲ್ಲ. ಹಾಗಾಗಿ ಇಲ್ಲಿ ಗುಪ್ತಚರ ಮತ್ತು ತನಿಖೆಯ ಮೇಲಿನ ವೆಚ್ಚವೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಕೆಫೆಯ ಸ್ಫೋಟವನ್ನು ಕ್ಯಾಮೆರಾ ತಡೆಯಲಿಲ್ಲ; ಆದರೆ ಸಿಸಿಟಿವಿ ದೃಶ್ಯಗಳು ಶಂಕಿತನ ಜಾಡು ಹಿಡಿಯಲು ನೆರವಾದವು. ಏಪ್ರಿಲ್ 12ರಂದು ರಾಷ್ಟ್ರೀಯ ತನಿಖಾ ಸಂಸ್ಥೆ ಇಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಬಂಧಿಸಿತು.

ಈಗ ಆಯವ್ಯಯಕ್ಕೆ ಬರೋಣ. ಸಂವಿಧಾನದ ಏಳನೇ ಅನುಸೂಚಿಯಂತೆ ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯ ಪಟ್ಟಿಯಲ್ಲಿವೆ, ಅಂದರೆ ಅವು ರಾಜ್ಯ ಸರ್ಕಾರದ ಹೊಣೆ. ರಾಜ್ಯದ ಆಯವ್ಯಯ ಪುಸ್ತಕದಲ್ಲಿ ಪೊಲೀಸ್ ರಾಜಸ್ವ ವೆಚ್ಚದ (ಸಂಬಳದಂಥ ನಿತ್ಯದ ಖರ್ಚು) ಲೆಕ್ಕ ಶೀರ್ಷಿಕೆ 2055, ಬಂಡವಾಳ ವೆಚ್ಚದ್ದು (ಕಟ್ಟಡದಂಥ ಆಸ್ತಿಗೆ ಮಾಡುವ ಖರ್ಚು) 4055. 2055ರ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಮಹಿಳೆಯರ ಸುರಕ್ಷತೆಗಾಗಿ 2013ರಲ್ಲಿ ಸ್ಥಾಪನೆಯಾದ ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಗೆ ಆಯ್ಕೆಯಾದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು.

ಅಪರಾಧ ತಗ್ಗಿಸುವ ಹಣವೆಲ್ಲ ಪೊಲೀಸ್ ಶೀರ್ಷಿಕೆಯಲ್ಲೇ ಇರಬೇಕೆಂದಿಲ್ಲ. 2016ರಲ್ಲಿ ನ್ಯೂಯಾರ್ಕಿನ ಕೆಲವು ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ ಪ್ರಖರ ದೀಪಗಳನ್ನು ಹಾಕಿ, ಹಾಕದ ಕಡೆಯೊಂದಿಗೆ ಹೋಲಿಸಿದಾಗ ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧಗಳು ಸುಮಾರು ಮೂರನೇ ಒಂದರಷ್ಟು ಇಳಿದಿದ್ದವು. ನಮ್ಮ ಗುಂಪಿನ ಹುಡುಗಿಯರು ರಾತ್ರಿ ಒಂಬತ್ತಕ್ಕೆ ಓದು ಮುಗಿಸಿ ಹೊರಡುವಾಗ, ಕತ್ತಲಾದ ಒಂದು ಓಣಿಯನ್ನು ಬಿಟ್ಟು ಸುತ್ತು ಬಳಸಿ ಹೋಗುತ್ತಾರೆ. ಆ ಓಣಿಗೆ ಬೇಕಾದ ದೀಪದ ಖರ್ಚನ್ನು 2055ರಲ್ಲಿ ಹುಡುಕಿದರೆ ಸಿಗುವುದಿಲ್ಲ; ಅದು ನಗರ ಪಾಲಿಕೆಯ ಲೆಕ್ಕದಲ್ಲಿರುತ್ತದೆ.