ಮೇಲ್‌ಬಾಕ್ಸನ್ನು ಒಂದೇ ಮಷಿನ್ನಿಗೆ ಕಟ್ಟಿಹಾಕಬೇಡಿ

‘ಆಫೀಸಿನ ಇಮೇಲ್ ನಿಧಾನ ಆಗಿದೆ ಸಾರ್, ಮೇಲ್ ಸರ್ವರ್‌ಗೆ ಅಂತ ನಾಲ್ಕು ಮಷಿನ್ ತಂದಿದ್ದೀವಿ. ಎ ಇಂದ ಎಫ್ ತನಕದ ಹೆಸರು ಒಂದಕ್ಕೆ, ಜಿ ಇಂದ ಎಲ್ ಇನ್ನೊಂದಕ್ಕೆ, ಹೀಗೆ ಹಂಚಿಬಿಡಿ.’ ಈ ಮಾತು ಕೇಳಿದಾಗೆಲ್ಲ ನನಗೆ ತಲೆ ಬಿಸಿಯಾಗುತ್ತದೆ. ನಮ್ಮ ಕಡೆಯ ಹೆಸರುಗಳನ್ನು ನೋಡಿ: ಸುರೇಶ, ಶಿವಕುಮಾರ, ಸವಿತಾ, ಶ್ರೀನಿವಾಸ, ಸಂತೋಷ. ಎಲ್ಲ ಎಸ್! ಆ ಮಷಿನ್ ಏದುಸಿರು ಬಿಡುತ್ತದೆ, ಉಳಿದವು ಸುಮ್ನೆ ಕೂತಿರುತ್ತವೆ.

ತಲೆ ಎಣಿಸಿ ಸಮನಾಗಿ ಹಂಚಿದರೆ? ಅದೂ ಅದೇ ಕಥೆ. ಒಬ್ಬರಿಗೆ ದಿನಕ್ಕೆ ಹತ್ತು ಮೇಲ್, ಇನ್ನೊಬ್ಬರಿಗೆ ಸಾವಿರ. ಮೇಲಾಗಿ ಒಂದು ಮಷಿನ್ ಕೆಟ್ಟರೆ ಅದರಲ್ಲಿದ್ದವರಿಗೆಲ್ಲ ಮೇಲ್ ಬಂದ್. ಒಂದು ಕಚೇರಿಯಲ್ಲಿ ಸಂಬಳದ ದಿನವೇ ಹೀಗಾಯಿತು. ಅಕೌಂಟ್ಸ್ ಮೇಡಂ ಪಕ್ಕದ ಮಷಿನ್ನಿನ ಹಸಿರು ದೀಪ ತೋರಿಸಿ, ‘ಅದು ನಡೀತಾ ಇದೆಯಲ್ಲಪ್ಪಾ, ನನ್ ಮೇಲನ್ನ ಅದಕ್ಕೇ ಹಾಕು’ ಅಂದರು. ಇಂಜಿನಿಯರುಗಳಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಯಾಸುಶಿ ಸೈಟೊ, ಬ್ರಯಾನ್ ಬರ್ಶಾಡ್, ಹ್ಯಾಂಕ್ ಲೆವಿ 1999ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಅವರ ಪೋರ್ಕ್ಯುಪೈನ್ ಮೇಲ್ ವ್ಯವಸ್ಥೆಯಲ್ಲಿದ್ದದ್ದು 30 ಸಾಧಾರಣ ಪಿಸಿಗಳು. ಯಾವುದಕ್ಕೂ ಇಂಥದ್ದೇ ಕೆಲಸ ಅಂತಿಲ್ಲ. ಯಾರ ಮೇಲ್ ಬಂದರೂ ಕೆಲಸ ಕಡಿಮೆ ಇರುವ ಪಿಸಿಯ ಡಿಸ್ಕಿಗೆ ಹೋಗುತ್ತದೆ. ಅಂದರೆ ಒಬ್ಬರ ಮೇಲ್‌ಬಾಕ್ಸ್ ಚೂರು ಚೂರಾಗಿ ಹಲವು ಕಡೆ ಇರುತ್ತದೆ. ತೀರಾ ಚೆಲ್ಲಾಪಿಲ್ಲಿಯಾದರೆ ಓದುವಾಗ ನಿಧಾನ. ಅದಕ್ಕೊಂದು ಮಿತಿ ಇಟ್ಟರು. ಯಾವ ಚೂರು ಎಲ್ಲಿದೆ ಎಂಬ ಪಟ್ಟಿ ಬರೀ ಮೆಮೊರಿಯಲ್ಲಿ. ಪಿಸಿ ಸತ್ತರೆ ಪಟ್ಟಿಯೂ ಹೋಯಿತಲ್ವಾ ಅಂತ ಎಲ್ಲರೂ ಗಾಬರಿಯಾಗುತ್ತಾರೆ. ಹೋಗಲಿ ಬಿಡಿ. ಉಳಿದ ಪಿಸಿಗಳು ತಂತಮ್ಮ ಡಿಸ್ಕ್ ನೋಡಿ ಅದನ್ನು ಮತ್ತೆ ಕಟ್ಟಿಕೊಳ್ಳುತ್ತವೆ. ಕಳೆಯಬಾರದ್ದು ಪಟ್ಟಿ ಅಲ್ಲ, ಮೇಲ್. ಅದಕ್ಕೆ ಇನ್ನೊಂದು ಪಿಸಿಯಲ್ಲಿ ನಕಲು ಬೇಕು.

ಆ 30 ಪಿಸಿಗಳು ದಿನಕ್ಕೆ 6.8 ಕೋಟಿ ಮೇಲ್ ನಿಭಾಯಿಸುವ ವೇಗ ತೋರಿಸಿದವು. ಆದರೆ ಅದು ನಕಲು ಇಡದಾಗಿನ ಲೆಕ್ಕ. ನಕಲು ಇಟ್ಟರೆ ವೇಗ ಸಾಕಷ್ಟು ಇಳಿಯುತ್ತದೆ. ಟೆಂಡರಿನಲ್ಲಿ ಮೊದಲ ಅಂಕಿ ಮಾತ್ರ ಬರೆಯುವವರು ಇದ್ದಾರೆ, ಹುಷಾರು.

ಇನ್ನೂರು ಜನರ ಆಫೀಸಿಗೆ ಸಾಮಾನ್ಯವಾಗಿ ಇದೆಲ್ಲ ಬೇಡ. ಒಂದು ಮಷಿನ್, ಒಳ್ಳೆ ಬ್ಯಾಕಪ್ ಸಾಕು. ಜಾಸ್ತಿ ಜನ ಇದ್ದು ಕ್ಲಸ್ಟರ್ (ಒಟ್ಟಾಗಿ ಕೆಲಸ ಮಾಡುವ ಮಷಿನ್‌ಗಳ ಗುಂಪು) ಕಟ್ಟುವುದೇ ಆದರೆ, ಮೇಲ್ ಡಿಸ್ಕಿಗೆ ಬೀಳುವ ಮೊದಲೇ ಕಳಿಸಿದ ಸರ್ವರ್‌ಗೆ ‘ಬಂತು’ ಅನ್ನುವ ಉತ್ತರ ಕೊಡಬೇಡಿ; ಮೇಲ್ ಸರ್ವರ್‌ಗಳ ಮಾತಿನಲ್ಲಿ ಅದರ ಸಂಕೇತ 250. ಉತ್ತರ ತಡವಾದರೆ ಕಳಿಸಿದ ಸರ್ವರ್ ಇನ್ನೊಮ್ಮೆ ಕಳಿಸುತ್ತದೆ, ಒಂದೇ ಮೇಲ್ ಎರಡು ಸಲ ಬಂದೀತು ಅಷ್ಟೇ. ಆದರೆ 250 ಕೊಟ್ಟ ಮೇಲೆ ಅದು ತನ್ನ ಪ್ರತಿಯನ್ನು ಅಳಿಸಿಬಿಡುತ್ತದೆ; ಆಗ ನಿಮ್ಮ ಮಷಿನ್ ಕೆಟ್ಟರೆ ಮೇಲ್ ಎಲ್ಲೂ ಉಳಿಯುವುದಿಲ್ಲ.