ಲಾರ್ನ್ ಗ್ರೀನ್ ಅವರ ದನಿ ಮತ್ತು ಹಿಂದಕ್ಕೆ ಎಣಿಸುವ ಗಡಿಯಾರ

ವಾರ್ತಾವಾಚನ ಮತ್ತು ಡಬ್ಬಿಂಗ್ ಕಲಿಯಲು ನನ್ನ ಬಳಿಗೆ ಬರುವ ತರುಣರಲ್ಲಿ ಹೆಚ್ಚಿನವರು ಮೊದಲ ದಿನವೇ ಮುಂದಿಡುವ ಬೇಡಿಕೆ ಒಂದೇ: "ಸರ್, ನನಗೆ ಬೇಸ್ ವಾಯ್ಸ್ ಬರಬೇಕು." ಹಾಗೆ ಹೇಳುವಾಗಲೇ ಅವರ ಗದ್ದ ಎದೆಯ ಕಡೆಗೆ ಬಾಗಿರುತ್ತದೆ, ಧ್ವನಿಪೆಟ್ಟಿಗೆ ಕೆಳಕ್ಕೆ ಒತ್ತಲ್ಪಟ್ಟಿರುತ್ತದೆ, ಪದಗಳ ಕೊನೆಯ ಅಕ್ಷರಗಳು ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತಿರುತ್ತವೆ. ಕಾಲು ಗಂಟೆ ಓದಿಸಿದರೆ ಗಂಟಲು ಕಟ್ಟುತ್ತದೆ. ಇಂಥವರಿಗೆ ನಾನು ಉಪದೇಶ ಮಾಡುವುದಕ್ಕಿಂತ ಮೊದಲು ಕೆನಡಾದ ನಟ ಮತ್ತು ಗಾಯಕ ಲಾರ್ನ್ ಗ್ರೀನ್ ಅವರ ಧ್ವನಿಮುದ್ರಿಕೆಯನ್ನು ಕೇಳಿಸುತ್ತೇನೆ. ಆ ಮಂದ್ರ ದನಿಯನ್ನು ಕೇಳಿ ಎಲ್ಲರೂ ತಲೆದೂಗುತ್ತಾರೆ. ಆದರೆ ಆ ದನಿ ಕೆಲಸ ಮಾಡುತ್ತಿದ್ದುದು ಅದರ ಮಂದ್ರದಿಂದಲ್ಲ, ಅದರ ಕಾಲಪ್ರಜ್ಞೆಯಿಂದ ಎಂಬುದು ತಿಳಿಯಲು ಅವರ ಬದುಕನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ಗ್ರೀನ್ ಹುಟ್ಟಿದ್ದು 1915ರ ಫೆಬ್ರುವರಿ 12ರಂದು, ಒಟ್ಟಾವ ನಗರದಲ್ಲಿ. ತಂದೆ ತಾಯಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿಗಳು. ತಂದೆ ಪಾದರಕ್ಷೆ ತಯಾರಿಸುತ್ತಿದ್ದರು. ಮಗ ಕಿಂಗ್‌ಸ್ಟನ್ ಊರಿನ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದು ಕೆಮಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿ ವಿದ್ಯಾರ್ಥಿಗಳ ನಾಟಕ ತಂಡ ಅವರನ್ನು ಸೆಳೆದುಕೊಂಡಿತು, ಓದು ಭಾಷೆಗಳ ಕಡೆಗೆ ತಿರುಗಿತು. ಪದವಿಯ ನಂತರ ನ್ಯೂಯಾರ್ಕಿನಲ್ಲಿ ರಂಗ ತರಬೇತಿ ಪಡೆದು, 1939ರಲ್ಲಿ ಕೆನಡಾಕ್ಕೆ ಮರಳಿ, ಕೆನಡಿಯನ್ ಬ್ರಾಡ್‌ಕಾಸ್ಟಿಂಗ್ ಕಾರ್ಪೊರೇಷನ್‌ನ ವಾರ್ತಾವಾಚಕರಾದರು. ಅದೇ ವರ್ಷದ ಸೆಪ್ಟೆಂಬರ್ 10ರಂದು ಕೆನಡಾ ಯುದ್ಧ ಘೋಷಿಸಿತು.

ಆ ಸಂಸ್ಥೆ ಅವರನ್ನು "ಕೆನಡಾದ ದನಿ" ಎಂದು ಕರೆಯಿತು, ಕೇಳುಗರು ಇಟ್ಟ ಹೆಸರು "ದುರ್ವಾರ್ತೆಯ ದನಿ." ಯುದ್ಧದ ಆರಂಭದ ವರ್ಷಗಳಲ್ಲಿ ಸೋಲು, ಹಿಮ್ಮೆಟ್ಟುವಿಕೆ, ಮಡಿದವರ ಪಟ್ಟಿ ಇವೆಲ್ಲ ಮನೆಮನೆಗೆ ತಲುಪುತ್ತಿದ್ದುದು ಅವರ ಬಾಯಿಂದ. ಆರು ವರ್ಷಗಳ ಆ ಯುದ್ಧದಲ್ಲಿ ಕೆನಡಾ ಕಳೆದುಕೊಂಡದ್ದು ಸುಮಾರು 45,000 ಜನರನ್ನು. ಮಗನೋ ಗಂಡನೋ ಕಡಲಾಚೆ ಇರುವಾಗ ರೇಡಿಯೊ ಮುಂದೆ ಕುಳಿತ ಒಬ್ಬ ಹೆಂಗಸಿಗೆ ವಾಚಕನ ದನಿಯ ಸೊಗಸು ಬೇಕಿರುವುದಿಲ್ಲ. ಹೆಸರು ಸರಿಯಾಗಿ ಕೇಳಿಸಬೇಕು, ಅಷ್ಟೇ. ವಾಚಕನು ತನ್ನ ದುಃಖವನ್ನು ಬೆರೆಸಿ ಓದಿದರೆ ಆಕೆಯ ದುಃಖವನ್ನು ಕಿತ್ತುಕೊಂಡಂತಾಗುತ್ತದೆ, ಏನೂ ಆಗಿಲ್ಲವೆಂಬಂತೆ ಓದಿದರೆ ಅವಮಾನಿಸಿದಂತಾಗುತ್ತದೆ. ಇವೆರಡರ ನಡುವಿನ ಕಿರಿದಾದ ಜಾಗದಲ್ಲಿ ನಿಂತು ಓದುವುದು ವಾರ್ತಾವಾಚಕನ ವೃತ್ತಿಯಲ್ಲಿ ಅತ್ಯಂತ ಕಷ್ಟದ ಕೆಲಸವೆಂದು ನಾನು ನಂಬಿದ್ದೇನೆ. ಇದೇ ಕಾಲದಲ್ಲಿ ಅವರು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ಸಾಕ್ಷ್ಯಚಿತ್ರಗಳಿಗೂ ನಿರೂಪಣೆ ನೀಡಿದರು. ಅವುಗಳಲ್ಲಿ ಒಂದಾದ, 1941ರ "ಚರ್ಚಿಲ್ಸ್ ಐಲ್ಯಾಂಡ್" ಕಿರು ಸಾಕ್ಷ್ಯಚಿತ್ರ ವಿಭಾಗದ ಮೊತ್ತಮೊದಲ ಆಸ್ಕರ್ ಪಡೆಯಿತು.

ಇಲ್ಲಿ ಧ್ವನಿವಿಜ್ಞಾನದ ಒಂದು ಸಂಗತಿಯನ್ನು ವಿವರಿಸಬೇಕು. ವಯಸ್ಕ ಗಂಡಸಿನ ಸ್ವರತಂತುಗಳು ಮಾತಿನಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 100ರಿಂದ 130 ಬಾರಿ ಕಂಪಿಸುತ್ತವೆ; ತೀರ ಮಂದ್ರದ ದನಿಗಳಲ್ಲಿ ಅದು ನೂರಕ್ಕಿಂತ ಕೆಳಗಿಳಿಯುತ್ತದೆ. ಆದರೆ ಅಂದಿನ ಮನೆಗಳ ಚಿಕ್ಕ ರೇಡಿಯೊಗಳ ಸ್ಪೀಕರಿಗೆ ಇಷ್ಟು ಕೆಳಗಿನ ಆವರ್ತನವನ್ನು ಸರಿಯಾಗಿ ಹೊರಡಿಸುವ ಶಕ್ತಿಯೇ ಇರಲಿಲ್ಲ. ಹಾಗಾದರೆ ಜನ ಕೇಳಿದ ಆ ಆಳ ಎಲ್ಲಿಂದ ಬಂತು? ಮೂಲ ಕಂಪನ 100 ಇದ್ದರೆ ಅದರ ಜೊತೆಗೆ 200, 300, 400 ಹೀಗೆ ಉಪಸ್ವರಗಳ ಸಾಲೊಂದು ಹುಟ್ಟುತ್ತದೆ. ಸ್ಪೀಕರು ಮೂಲವನ್ನು ನುಂಗಿ ಉಪಸ್ವರಗಳನ್ನು ಮಾತ್ರ ಕೊಟ್ಟರೂ ನಮ್ಮ ಕಿವಿ ಮತ್ತು ಮೆದುಳು ಅವುಗಳ ನಡುವಿನ ಅಂತರವನ್ನು ಗ್ರಹಿಸಿ, ಇಲ್ಲದ ಆ ಮೂಲಸ್ವರವನ್ನು ತಾವೇ ತುಂಬಿಕೊಳ್ಳುತ್ತವೆ. ಇಂದು ಮೊಬೈಲ್ ಫೋನಿನ ಸಣ್ಣ ಸ್ಪೀಕರಿನಲ್ಲಿಯೂ ಗಂಡಸಿನ ದನಿ ಗಂಡಸಿನ ದನಿಯಾಗಿಯೇ ಕೇಳುವುದು ಈ ಕಾರಣದಿಂದ. ಆದ್ದರಿಂದ ದನಿಯ ಆಳ ತಲುಪಬೇಕಾದರೆ ಉಪಸ್ವರಗಳು ಸ್ವಚ್ಛವಾಗಿರಬೇಕು. ಅವು ಸ್ವಚ್ಛವಾಗಿರಬೇಕಾದರೆ ಗಂಟಲು ಸಡಿಲವಾಗಿರಬೇಕು, ಬಾಯಿ ತೆರೆದಿರಬೇಕು, ಉಸಿರು ಒಂದೇ ಸಮನಾಗಿ ಹರಿಯಬೇಕು. ಧ್ವನಿಪೆಟ್ಟಿಗೆಯನ್ನು ಒತ್ತಿ ಬೇಸ್ ತರಲು ಹೊರಟವನು ಕೆಡಿಸಿಕೊಳ್ಳುವುದು ಈ ಉಪಸ್ವರಗಳನ್ನೇ.

ಯುದ್ಧ ಮುಗಿದ ಬಳಿಕ ಗ್ರೀನ್ ಟೊರಾಂಟೊದಲ್ಲಿ "ಅಕಾಡೆಮಿ ಆಫ್ ರೇಡಿಯೊ ಆರ್ಟ್ಸ್" ಎಂಬ ಶಾಲೆಯನ್ನು ತೆರೆದರು. ಮುಂದೆ ಹಾಲಿವುಡ್‌ನಲ್ಲಿ ಹೆಸರು ಮಾಡಿದ ಲೆಸ್ಲಿ ನೀಲ್ಸನ್ ಅಲ್ಲಿ ಕಲಿತವರು. ನನ್ನಂಥ ಶಿಕ್ಷಕನಿಗೆ ಆ ಶಾಲೆಗಿಂತಲೂ ಹೆಚ್ಚು ಪ್ರಿಯವಾದದ್ದು ಗ್ರೀನ್ ಮಾಡಿದ ಒಂದು ಸಣ್ಣ ಆವಿಷ್ಕಾರ: ಹಿಂದಕ್ಕೆ ಓಡುವ ಸ್ಟಾಪ್‌ವಾಚ್. ಮಾಮೂಲಿ ಸ್ಟಾಪ್‌ವಾಚ್ ಕಳೆದುಹೋದ ಕಾಲವನ್ನು ತೋರಿಸುತ್ತದೆ. ನೇರ ಪ್ರಸಾರದಲ್ಲಿ ಕುಳಿತವನಿಗೆ ಬೇಕಾದದ್ದು ಉಳಿದ ಕಾಲ. ಕಣ್ಣು ಸ್ಕ್ರಿಪ್ಟಿನ ಮೇಲೆ, ಬಾಯಿ ಈ ವಾಕ್ಯದಲ್ಲಿ, ಮನಸ್ಸು ಮುಂದಿನ ವಾಕ್ಯದಲ್ಲಿ ಇರುವಾಗ ಅರವತ್ತರಿಂದ ನಲವತ್ತಮೂರನ್ನು ಕಳೆಯುವ ಲೆಕ್ಕವೂ ತಲೆಗೆ ಭಾರವೇ, ಮತ್ತು ಆ ಭಾರ ತಕ್ಷಣ ದನಿಯಲ್ಲಿ ಕಾಣಿಸಿಕೊಳ್ಳುತ್ತದೆ: ಶ್ರುತಿ ಏರುತ್ತದೆ, ವೇಗ ಹೆಚ್ಚುತ್ತದೆ, ಕೊನೆಯ ಪದಗಳು ಒಂದರ ಮೇಲೊಂದು ಬೀಳುತ್ತವೆ. ಉಳಿದಿರುವುದು ಹದಿನೇಳು ಸೆಕೆಂಡು ಎಂದು ಮುಳ್ಳೇ ಹೇಳಿಬಿಟ್ಟರೆ ವಾಚಕನು ನಿರಾತಂಕವಾಗಿ ಓದಬಲ್ಲ. ಎಂಜಿನಿಯರಿಂಗ್ ಬಿಟ್ಟು ನಾಟಕಕ್ಕೆ ಬಂದ ಮನುಷ್ಯನೊಳಗೆ ಎಂಜಿನಿಯರು ಉಳಿದುಕೊಂಡಿದ್ದನೆಂದು ನನಗೆ ಅನಿಸುವುದು ಇಲ್ಲಿಯೇ. ಈ ಗಡಿಯಾರವನ್ನು ಪರಿಚಯಿಸಲು ನ್ಯೂಯಾರ್ಕಿಗೆ ಹೋದಾಗ ಅಲ್ಲಿನ ಟೆಲಿವಿಷನ್ನಿನಲ್ಲಿದ್ದ ಕೆನಡಾದವರೇ ಆದ ನಿರ್ಮಾಪಕ ಫ್ಲೆಚರ್ ಮಾರ್ಕಲ್ ಅವರ ಭೇಟಿಯಾಗಿ, ನಟನೆಯ ಅವಕಾಶ ದೊರೆಯಿತು. ರಂಗಭೂಮಿಯನ್ನೂ ಬಿಡಲಿಲ್ಲ, 1955ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಉತ್ಸವದಲ್ಲಿ ಶೇಕ್ಸ್‌ಪಿಯರನ ಬ್ರೂಟಸ್ ಆದರು.

1959ರ ಸೆಪ್ಟೆಂಬರ್ 12ರಂದು ಆರಂಭವಾದ "ಬೊನಾಂಜಾ" ಧಾರಾವಾಹಿ 1973ರ ಜನವರಿಯವರೆಗೆ, ಹದಿನಾಲ್ಕು ಸರಣಿಗಳಲ್ಲಿ ನಡೆಯಿತು. ಗ್ರೀನ್ ಅದರಲ್ಲಿ ಬೆನ್ ಕಾರ್ಟ್‌ರೈಟ್, ಮೂವರು ಗಂಡುಮಕ್ಕಳ ತಂದೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹಿರಿಯ ಇಬ್ಬರು ಮಕ್ಕಳ ಪಾತ್ರ ವಹಿಸಿದ ಪರ್ನೆಲ್ ರಾಬರ್ಟ್ಸ್ ಮತ್ತು ಡ್ಯಾನ್ ಬ್ಲಾಕರ್ ಇಬ್ಬರೂ 1928ರಲ್ಲಿ ಹುಟ್ಟಿದವರು. ಅಂದರೆ "ತಂದೆ"ಗೂ "ಮಕ್ಕಳಿಗೂ" ಹದಿಮೂರೇ ವರ್ಷಗಳ ಅಂತರ. ಮುಂದೆ 1974ರ "ಅರ್ತ್‌ಕ್ವೇಕ್" ಚಿತ್ರದಲ್ಲಿ ಅವರು ತಮಗಿಂತ ಏಳು ವರ್ಷ ಮಾತ್ರ ಚಿಕ್ಕವರಾದ ಏವಾ ಗಾರ್ಡ್ನರ್ ಅವರಿಗೂ ತಂದೆಯಾದರು. ಬಿಳಿಯ ಕೂದಲು, ಅಗಲವಾದ ಮೈಕಟ್ಟು ಸಹಾಯ ಮಾಡಿದವು, ನಿಜ. ಆದರೆ ಅವರ ಮಾತಿನಲ್ಲಿ ಯಾವಾಗಲೂ ಒಬ್ಬ ಹಿರಿಯ ಇರುತ್ತಿದ್ದ.

ದನಿಗೆ ಹಿರಿತನ ಬರುವುದು ಶ್ರುತಿ ಇಳಿದಾಗ ಎಂದು ಜನ ತಿಳಿದಿದ್ದಾರೆ. ವಾಸ್ತವವಾಗಿ ಗಂಡಸರ ಶ್ರುತಿ ನಡುವಯಸ್ಸಿನವರೆಗೆ ಇಳಿದು, ಮುಪ್ಪಿನಲ್ಲಿ ಸ್ವರತಂತುಗಳು ತೆಳುವಾಗುವುದರಿಂದ ಮತ್ತೆ ಏರುತ್ತದೆ. ಕೇಳುಗರಿಗೆ ಹಿರಿತನ ತಿಳಿಯುವುದು ಬೇರೆ ಕುರುಹುಗಳಿಂದ: ಉತ್ತರ ಕೊಡುವ ಮುನ್ನ ಅರೆಕ್ಷಣ ತಡೆಯುವುದು, ವಾಕ್ಯದ ಕೊನೆಯವರೆಗೂ ಉಸಿರು ಉಳಿದಿರುವುದು, ಎದುರಿನವನು ಮಧ್ಯೆ ಬಾಯಿ ಹಾಕಿದರೂ ವೇಗ ಬದಲಾಗದಿರುವುದು. ತನ್ನ ಮಾತನ್ನು ಕೇಳಿಯೇ ಕೇಳುತ್ತಾರೆಂಬ ನಂಬಿಕೆ ಇದ್ದವನು ಅವಸರಪಡುವುದಿಲ್ಲ. ಉಳಿದ ಕಾಲವನ್ನು ಸದಾ ಅರಿತಿದ್ದ ಒಬ್ಬ ವಾರ್ತಾವಾಚಕನಿಗೆ ಇದು ಅಭ್ಯಾಸದಿಂದ ಬಂದ ಬಲ.

ಕನ್ನಡದಲ್ಲಿ ಓದುವವರಿಗೆ ಇದು ಇನ್ನೂ ಮುಖ್ಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಸಚಿವರು ಈ ಆರೋಪವನ್ನು ಒಪ್ಪಿಕೊಂಡಿ" ಎಂಬಲ್ಲಿಯವರೆಗೆ ಬಂದರೂ ಒಪ್ಪಿಕೊಂಡಿದ್ದಾರೆಯೋ ಒಪ್ಪಿಕೊಂಡಿಲ್ಲವೋ ಎಂಬುದು ಕೊನೆಯ ಎರಡು ಮೂರು ಅಕ್ಷರಗಳಲ್ಲಿದೆ. ಬೇಸ್ ವಾಯ್ಸಿನ ಮೋಹದಲ್ಲಿ ಕೊನೆಯ ಅಕ್ಷರಗಳನ್ನು ಗಂಟಲಿನೊಳಗೆ ಬಿಟ್ಟರೆ ಸುದ್ದಿಯೇ ತಲೆಕೆಳಗಾಗುತ್ತದೆ. ಆದ್ದರಿಂದ ನನ್ನ ತರಗತಿಯಲ್ಲಿ ಉಸಿರನ್ನು ವಾಕ್ಯದ ಆರಂಭಕ್ಕಲ್ಲ, ಕ್ರಿಯಾಪದಕ್ಕೆ ಲೆಕ್ಕ ಹಾಕಿ ತೆಗೆದುಕೊಳ್ಳಲು ಹೇಳುತ್ತೇನೆ. ಅದೂ ಹಿಂದಕ್ಕೆ ಎಣಿಸುವ ಗಡಿಯಾರವೇ.

ಈಗ ಸಂಗೀತದ ಮಾತಿಗೆ ಬರೋಣ. 1964ರಲ್ಲಿ ಬೀಟಲ್ಸ್ ತಂಡ ಅಮೆರಿಕದ ಸಂಗೀತ ಪಟ್ಟಿಗಳನ್ನು ಆಳುತ್ತಿತ್ತು. ಆ ವರ್ಷದ ಡಿಸೆಂಬರ್ 5ರ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಐವತ್ತರ ಹೊಸ್ತಿಲಲ್ಲಿದ್ದ ಗ್ರೀನ್ ಅವರ "ರಿಂಗೊ." ಹೆಸರು ಕೇಳಿ ಬೀಟಲ್ಸ್ ತಂಡದ ಡ್ರಮ್ ವಾದಕ ನೆನಪಾಗಬಹುದು, ಆದರೆ ಹಾಡಿನ ರಿಂಗೊ ಪಶ್ಚಿಮ ಅಮೆರಿಕದ ಬಂದೂಕುಗಾರ. ಹಾಡು ಎಂದೆನಾದರೂ ಅದರಲ್ಲಿ ಗ್ರೀನ್ ಹಾಡುವುದೇ ಇಲ್ಲ. ಗಂಡಸರ ಸಮೂಹ ಆ ಹೆಸರನ್ನು ಸ್ವರದಲ್ಲಿ ಎತ್ತುತ್ತದೆ, ಕಥೆಯನ್ನು ಇವರು ಮಾತಿನಲ್ಲಿ ಹೇಳುತ್ತಾರೆ. ಇದು ಸಂಗೀತವೇ ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೇಜಿನ ಮೇಲೆ ತಾಳ ಹಾಕುತ್ತ ಮತ್ತೊಮ್ಮೆ ಕೇಳಲು ಹೇಳುತ್ತೇನೆ. ಒಂದು ಸಾಲಿನ ಒತ್ತು ತಾಳದ ಪೆಟ್ಟಿನ ಮೇಲೆಯೇ ಬೀಳುತ್ತದೆ, ಮತ್ತೊಂದು ಒಂದೆಳೆ ತಡವಾಗಿ ಬರುತ್ತದೆ, ಆ ತಡದಲ್ಲಿ ಕಥೆಗೆ ಆತಂಕ ಸೇರುತ್ತದೆ. ಸಮೂಹ ಮತ್ತೆ ಹೆಸರನ್ನು ಎತ್ತುವ ಹೊತ್ತಿಗೆ ಮಾತು ತೂಗಿಟ್ಟಂತೆ ಮುಗಿದಿರುತ್ತದೆ. ರಾಗವಿಲ್ಲದೆ ಲಯದಲ್ಲಿ ನಿಲ್ಲುವುದು ಹಾಡುವುದಕ್ಕಿಂತ ಸುಲಭವಲ್ಲ. ಶ್ರುತಿಯ ಆಸರೆ ಇಲ್ಲದಾಗ ಕಾಲದ ತಪ್ಪು ಬೆತ್ತಲೆಯಾಗಿ ಕೇಳಿಸುತ್ತದೆ.

ನಂತರದ ವರ್ಷಗಳಲ್ಲಿ ಅವರು 1977ರ "ರೂಟ್ಸ್" ಸರಣಿಯಲ್ಲಿ ಗುಲಾಮರ ಒಡೆಯನಾಗಿ, 1978ರ "ಬ್ಯಾಟಲ್‌ಸ್ಟಾರ್ ಗಲಾಕ್ಟಿಕಾ"ದಲ್ಲಿ ದಂಡನಾಯಕ ಅಡಾಮನಾಗಿ ಕಾಣಿಸಿಕೊಂಡರು. 1969ರಲ್ಲಿ ಆರ್ಡರ್ ಆಫ್ ಕೆನಡಾ ಗೌರವ ಬಂದಿತ್ತು. ಕೊನೆಯ ವರ್ಷಗಳಲ್ಲಿ ವನ್ಯಜೀವಿ ಸಾಕ್ಷ್ಯಚಿತ್ರಗಳ ನಿರೂಪಕರಾಗಿ ಮತ್ತೆ ಮೈಕಿನ ಹಿಂದಕ್ಕೇ ಹೋದರು. 1987ರ ಸೆಪ್ಟೆಂಬರ್ 11ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತೀರಿಕೊಂಡರು.

ತರಬೇತಿಯ ಕೊನೆಯ ವಾರ ನಾನು ಪ್ರತಿಯೊಬ್ಬರಿಗೂ ಒಂದು ನಿಮಿಷದ ವಾರ್ತೆ ಕೊಟ್ಟು, ಎದುರಿಗೆ ಅರವತ್ತರಿಂದ ಸೊನ್ನೆಗೆ ಇಳಿಯುವ ಗಡಿಯಾರ ಇಡುತ್ತೇನೆ. ಹತ್ತಕ್ಕೆ ಇಳಿದಾಗಲೂ ಕೊನೆಯ ವಾಕ್ಯವನ್ನು ಮೊದಲ ವಾಕ್ಯದ ವೇಗದಲ್ಲಿಯೇ ಓದಿ, ಕ್ರಿಯಾಪದವನ್ನು ಪೂರ್ತಿ ಉಚ್ಚರಿಸಿ, ಒಂದು ಸೆಕೆಂಡು ಮೌನ ಉಳಿಸಬೇಕು. ಆ ದಿನ ಬೇಸ್ ವಾಯ್ಸಿನ ಮಾತನ್ನು ಯಾರೂ ಎತ್ತುವುದಿಲ್ಲ. ಎಲ್ಲರ ಕಣ್ಣೂ ಮುಳ್ಳಿನ ಮೇಲಿರುತ್ತದೆ, ಗದ್ದ ತಾನಾಗಿಯೇ ಎದೆಯಿಂದ ಮೇಲೆದ್ದಿರುತ್ತದೆ.